ಉರಾಲ್ ಸೀಮೆಯ ಹೊಲಗಳು ನುಡಿದ ಸಾಕ್ಷಿ

ಸೋವಿಯತ್ ಭೂಪಟಗಳಲ್ಲಿ ಹೆಸರೇ ಕಾಣದ ಊರೊಂದು ಉರಾಲ್ ಪರ್ವತಗಳ ಪೂರ್ವದ ತಪ್ಪಲಿನಲ್ಲಿತ್ತು. ಅದರ ಮಗ್ಗುಲಲ್ಲಿ ಅಣುಬಾಂಬಿಗೆ ಪ್ಲುಟೋನಿಯಂ ಒದಗಿಸುವ ಮಯಾಕ್ ಕಾರ್ಖಾನೆ. 1957ರ ಸೆಪ್ಟೆಂಬರ್ 29, ಭಾನುವಾರ. ತಂಪು ಮಾಡುವ ವ್ಯವಸ್ಥೆ ಕೆಟ್ಟು, ಕಾದು ಒಣಗಿದ್ದ ತ್ಯಾಜ್ಯದ ತೊಟ್ಟಿಯೊಂದು ಇಳಿಹೊತ್ತಿನಲ್ಲಿ ಸಿಡಿಯಿತು. ವಿಕಿರಣದ ಧೂಳು ಈಶಾನ್ಯಕ್ಕೆ ಸಾಗಿ, ಸುಮಾರು 300 ಕಿಲೋಮೀಟರ್ ಉದ್ದಕ್ಕೆ ಹೊಲ, ಕಾಡು, ಕೆರೆಗಳ ಮೇಲೆ ಇಳಿಯಿತು. ಆಗಸದಲ್ಲಿ ಕಂಡ ಹೊಳಪನ್ನು ಚೆಲ್ಯಾಬಿನ್ಸ್ಕ್‌ನ ಪತ್ರಿಕೆ ಧ್ರುವಪ್ರಭೆಯೆಂದು ಬಣ್ಣಿಸಿತು. ಸ್ಫೋಟವಾಗಿ ಐದು ದಿನ ಕಳೆದು ಸ್ಪುಟ್ನಿಕ್ ಉಪಗ್ರಹ ಮೇಲೇರಿದಾಗ ಲೋಕದ ಗಮನವೆಲ್ಲ ಅತ್ತ ಹೊರಳಿತು.

ಆ ನೆಲದಲ್ಲಿ ಬಹುಕಾಲ ನಿಂತದ್ದು ಸ್ಟ್ರಾನ್ಷಿಯಂ-90. ಅದರ ಅರ್ಧಾಯು ಸುಮಾರು 29 ವರ್ಷ. ಗುಣದಲ್ಲಿ ಅದು ಕ್ಯಾಲ್ಸಿಯಂನ ದಾಯಾದಿ. ಬೇರು ಎರಡನ್ನೂ ಒಂದೇ ದಾರಿಯಲ್ಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಸುಣ್ಣದಂಶ ಕಡಿಮೆಯಿರುವ ಹುಳಿಮಣ್ಣಿನಲ್ಲಿ ಈ ಹೀರಿಕೆ ಜೋರು. ಕಾಳಿಗಿಂತ ಎಲೆಯಲ್ಲಿ, ದಂಟಿನಲ್ಲಿ ವಿಷ ಹೆಚ್ಚು ಸೇರುತ್ತದೆ. ಮೇವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಎಲುಬಿಗೆ ಇಳಿಯುತ್ತದೆ.

ಹತ್ತು ಸಾವಿರಕ್ಕೂ ಮಿಕ್ಕ ಜನ ಊರು ಬಿಡಬೇಕಾಯಿತು. ಒಂದು ಲಕ್ಷ ಹೆಕ್ಟೇರಿನಷ್ಟು ನೆಲದಲ್ಲಿ ಬೇಸಾಯ ನಿಂತಿತು. ಮಾಸ್ಕೋದ ತಿಮಿರ್ಯಾಜೆವ್ ಕೃಷಿ ಅಕಾಡೆಮಿಯ ವಿಜ್ಞಾನಿ ಕ್ಲೆಚ್ಕೋವ್‌ಸ್ಕಿಯ ಮಾರ್ಗದರ್ಶನದಲ್ಲಿ 1958ರಲ್ಲಿ ಅಲ್ಲೇ ಪ್ರಯೋಗ ಕೇಂದ್ರ ತೆರೆಯಿತು. ಯಾವ ಬೆಳೆ ಎಷ್ಟು ಹೀರುತ್ತದೆಂದು ಅಳೆದರು. ಹುಳಿಮಣ್ಣಿಗೆ ಸುಣ್ಣ ಹಾಕಿದರು. ಮೇಲ್ಮಣ್ಣು ಅರ್ಧ ಮೀಟರಿಗೂ ಕೆಳಗೆ, ಬೇರಿಗೆ ಎಟುಕದ ಆಳಕ್ಕೆ ಹೋಗುವಂತೆ ದೊಡ್ಡ ನೇಗಿಲುಗಳಿಂದ ಮಗುಚಿ ಉತ್ತರು. 1960ರ ದಶಕದಲ್ಲಿ ಕೆಲವು ಹೊಲಗಳು ಮತ್ತೆ ಸಾಗುವಳಿಗೆ ಬಂದವು.

ಈ ಅಳತೆಗಳು ಕ್ರಮೇಣ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದವು. ನೆಲ ಕೆಟ್ಟದ್ದು ಹೇಗೆಂದು ಮಾತ್ರ ಬರೆಯುವಂತಿರಲಿಲ್ಲ. ಕ್ಲೆಚ್ಕೋವ್‌ಸ್ಕಿಯ ವಿಭಾಗದಲ್ಲೇ ದುಡಿದಿದ್ದ ಜೋರೆಸ್ ಮೆದ್ವೆದೆವ್, ಪೌರತ್ವ ಕಳೆದುಕೊಂಡು ಲಂಡನ್ನಿನಲ್ಲಿದ್ದರು. 1976ರಲ್ಲಿ ‘ನ್ಯೂ ಸೈಂಟಿಸ್ಟ್’ ಪತ್ರಿಕೆಯಲ್ಲಿ ಅವರು ಈ ಅವಘಡವನ್ನು ಪ್ರಸ್ತಾಪಿಸಿದಾಗ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಮುಖ್ಯಸ್ಥ ಜಾನ್ ಹಿಲ್ ಅದನ್ನು ಶುದ್ಧ ಸುಳ್ಳೆಂದು ತಳ್ಳಿಹಾಕಿದರು. ಮೆದ್ವೆದೆವ್ ವಾದಕ್ಕೆ ನಿಲ್ಲದೆ, ತಮ್ಮ ದೇಶದ ಆ ಪ್ರಬಂಧಗಳನ್ನೇ ಮುಂದಿಟ್ಟುಕೊಂಡು ಕೂತರು. ಅವುಗಳಲ್ಲಿ ಹೇಳಿದಷ್ಟು ದೊಡ್ಡ ಕೆರೆಗಳನ್ನು, ಅಷ್ಟು ವಿಶಾಲ ಕಾಡನ್ನು ಪ್ರಯೋಗಕ್ಕೆಂದು ಯಾರೂ ಕೆಡಿಸಲಾರರು ಎಂದು ಅವರು ತರ್ಕಿಸಿದರು. ಗಿಡ, ಪ್ರಾಣಿಗಳ ಜಾತಿಗಳು ಉರಾಲ್ ಸೀಮೆಯತ್ತ ಬೊಟ್ಟು ಮಾಡಿದವು. ಮಾದರಿಗಳ ಇಸವಿಗಳು ಅವಘಡದ ಕಾಲವನ್ನು ತಿಳಿಸಿದವು. 1979ರಲ್ಲಿ ಅವರ ಪುಸ್ತಕ ಹೊರಬಂತು. ಸೆನ್ಸಾರರು ಕಾರಣವನ್ನು ಅಳಿಸಿ, ಪರಿಣಾಮವನ್ನು ಅಂಕಿಗಳಲ್ಲಿ ಉಳಿಸಿದ್ದರು. ಸೋವಿಯತ್ ಸರ್ಕಾರ ಆ ಸತ್ಯವನ್ನು ಒಪ್ಪಿಕೊಳ್ಳಲು 1989 ಬರಬೇಕಾಯಿತು.