ಗೇಟಿನೊಳಗಿನ ಕಾರು

ಕಾಂಪೌಂಡಿನ ಮೂಲೆಯಲ್ಲೊಂದು ಹಳೇ ಕಾರು ನಿಂತಿದೆ ಎಂದಿಟ್ಟುಕೊಳ್ಳಿ. ಮೇಲೆ ಟಾರ್ಪಾಲು ಹೊದಿಸಿದೆ, ಟೈರುಗಳ ಗಾಳಿ ಇಳಿದಿದೆ, ಬ್ರೇಕು ಹಿಡಿಯುತ್ತದೋ ಇಲ್ಲವೋ ಮಾಲೀಕರಿಗೇ ಗೊತ್ತಿಲ್ಲ. ಅದು ರಸ್ತೆಗಿಳಿದರೆ ಅಪಾಯವೇ ಸರಿ. ಆದರೆ ಅದು ಇರುವುದು ರಸ್ತೆಯಲ್ಲಲ್ಲ, ಗೇಟಿನೊಳಗೆ. ಪೊಲೀಸರು ಗೇಟು ತೆಗೆದು ಒಳಬಂದು, ಟಾರ್ಪಾಲು ಸರಿಸಿ, ಕಾರನ್ನು ಪರೀಕ್ಷಿಸಬಹುದೇ?

ಮೋಟಾರು ಕಾನೂನುಗಳ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಬ್ರಿಟನ್ನಿನಲ್ಲಿ. ಅಲ್ಲಿನ 1986ರ ವಾಹನ ನಿರ್ಮಾಣ ಮತ್ತು ಬಳಕೆ ನಿಯಮಾವಳಿಯ 74ನೇ ನಿಯಮ ಇದರ ಬಗ್ಗೆಯೇ ಇದೆ. ಸಮವಸ್ತ್ರದಲ್ಲಿರುವ ಪೊಲೀಸರು ಯಾವುದೇ ಆವರಣದಲ್ಲಿ ನಿಂತಿರುವ ವಾಹನದ ಬ್ರೇಕು, ಸೈಲೆನ್ಸರು, ಸ್ಟೀರಿಂಗು ಮತ್ತು ಟೈರುಗಳನ್ನು ಪರೀಕ್ಷಿಸಬಹುದು. ಆದರೆ ಎರಡು ಷರತ್ತುಗಳಿವೆ. ಆವರಣದ ಒಡೆಯರ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ವಾಹನದ ಮಾಲೀಕರು ಒಪ್ಪದಿದ್ದರೆ ಮೊದಲೇ ನೋಟಿಸು ಕೊಡಬೇಕು; ಕೈಗೆ ಕೊಟ್ಟರೆ 48 ಗಂಟೆ, ನೋಂದಾಯಿತ ಅಂಚೆಯಲ್ಲಾದರೆ 72 ಗಂಟೆ ಮುಂಚೆ. ಹಿಂದಿನ 48 ಗಂಟೆಗಳೊಳಗೆ ಆ ವಾಹನ ಅಪಘಾತದಲ್ಲಿ ಸಿಲುಕಿದ್ದರೆ ಮಾತ್ರ ಈ ನೋಟಿಸಿನ ಷರತ್ತು ಬಿದ್ದುಹೋಗುತ್ತದೆ. ಆವರಣದ ಒಡೆಯರ ಒಪ್ಪಿಗೆ ಆಗಲೂ ಬೇಕು.

ಒಂದು ಸವೆದ ಟೈರು ನೋಡಲು ಇಷ್ಟೊಂದು ವಿನಯವೇಕೆ? ಉತ್ತರಕ್ಕೆ ಮೋಟಾರು ಹುಟ್ಟುವುದಕ್ಕೂ ಬಹಳ ಹಿಂದಕ್ಕೆ ಹೋಗಬೇಕು. 1604ರ ಸೆಮೇನ್ ಪ್ರಕರಣದಲ್ಲಿ, ಮನೆಯೆಂಬುದು ಅದರ ಒಡೆಯನಿಗೆ ಕೋಟೆಯಿದ್ದಂತೆ ಎಂಬ ತತ್ವವನ್ನು ಎಡ್ವರ್ಡ್ ಕೋಕ್ ದಾಖಲಿಸಿದ. ಆದರೆ ಆ ಕೋಟೆಯ ನಿಜವಾದ ಪರೀಕ್ಷೆ ನಡೆದದ್ದು 1762ರ ನವೆಂಬರಿನಲ್ಲಿ. ಸರ್ಕಾರವನ್ನು ಟೀಕಿಸುವ ಪತ್ರಿಕೆಗೆ ಬರೆಯುತ್ತಿದ್ದ ಜಾನ್ ಎಂಟಿಕ್‌ನ ಲಂಡನ್ ಮನೆಗೆ ದೊರೆಯ ದೂತರು ನಾಲ್ವರು ನುಗ್ಗಿದರು. ನಾಲ್ಕು ಗಂಟೆ ಕಾಲ ಬೀಗ ಒಡೆದು, ಪೆಟ್ಟಿಗೆ ತೆರೆದು, ಕಾಗದಪತ್ರಗಳನ್ನು ಹೊತ್ತೊಯ್ದರು. ಅವರ ಕೈಯಲ್ಲಿದ್ದದ್ದು ಮಂತ್ರಿ ಹ್ಯಾಲಿಫ್ಯಾಕ್ಸ್ ಬರೆದುಕೊಟ್ಟ ಆಜ್ಞೆ. ಎಂಟಿಕ್ ದಾವೆ ಹೂಡಿದ. 1765ರಲ್ಲಿ ನ್ಯಾಯಮೂರ್ತಿ ಕ್ಯಾಮ್ಡನ್ ಅವನ ಪರವಾಗಿ ತೀರ್ಪು ಕೊಟ್ಟರು. ಅದರ ಸಾರ ಇಷ್ಟೇ: ಒಳಗೆ ಬಂದವನು ದೊರೆಯ ಆಳೇ ಆಗಿರಲಿ, ತನಗೆ ಆ ಅಧಿಕಾರ ಕೊಟ್ಟ ಕಾನೂನು ಯಾವುದು ಎಂದು ಅವನೇ ತೋರಿಸಬೇಕು. ತೋರಿಸಲಾಗದಿದ್ದರೆ ಅವನು ಅತಿಕ್ರಮಿ. ಎಂಟಿಕ್‌ಗೆ 300 ಪೌಂಡ್ ಪರಿಹಾರ ಸಿಕ್ಕಿತು. 74ನೇ ನಿಯಮದ ವಿನಯದ ಬೇರು ಇರುವುದು ಇಲ್ಲಿ.

ಮೋಟಾರು ಬಂದಾಗ ಕಾನೂನು ಅದನ್ನು ಹಿಡಿದದ್ದು ರಸ್ತೆಯ ಮೇಲೆ. ಬ್ರಿಟನ್ನಿನ 1903ರ ಮೋಟಾರು ಕಾರು ಕಾಯ್ದೆ ವಾಹನಕ್ಕೆ ನಂಬರು ಕೊಟ್ಟಿತು, ಚಾಲಕನಿಗೆ ಲೈಸೆನ್ಸು ಕೊಟ್ಟಿತು, ಗಂಟೆಗೆ 20 ಮೈಲಿಯ ಮಿತಿ ಹಾಕಿತು. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳ ಬ್ರೇಕು, ದೀಪ, ಸ್ಟೀರಿಂಗುಗಳ ಪರೀಕ್ಷೆ ಶುರುವಾಯಿತು. ಇಷ್ಟಾದರೂ ಅಪರಾಧ ಹುಟ್ಟುವುದು ವಾಹನವನ್ನು ರಸ್ತೆಯಲ್ಲಿ 'ಬಳಸಿದಾಗ'. ಆದರೆ ಬಳಕೆಯೆಂದರೇನು? 1959ರ ಎಲಿಯಟ್ ಪ್ರಕರಣದಲ್ಲಿ ಕೆಟ್ಟುಹೋದ ಕಾರೊಂದು ಮನೆಯೆದುರಿನ ರಸ್ತೆಯಲ್ಲಿ ನಿಂತಿತ್ತು. ಎಂಜಿನ್ ಓಡುವಂತಿರಲಿಲ್ಲ, ಆದರೆ ತಳ್ಳಿದರೆ ಚಕ್ರ ಉರುಳುತ್ತಿತ್ತು. ಅದೂ ರಸ್ತೆಯಲ್ಲಿನ ಬಳಕೆಯೇ, ವಿಮೆಯಿಲ್ಲದೆ ಹಾಗೆ ನಿಲ್ಲಿಸಿದ್ದು ತಪ್ಪು ಎಂದಿತು ನ್ಯಾಯಾಲಯ. ಅದೇ ಕಾರು ನಾಲ್ಕು ಮಾರು ಈಚೆಗೆ, ಅಂಗಳದಲ್ಲಿದ್ದಿದ್ದರೆ ಈ ಕೇಸೇ ಇರುತ್ತಿರಲಿಲ್ಲ.

ಹಾಗೆಂದು ಕೋಟೆಯ ಗೋಡೆ ಅಲುಗಾಡಲೇ ಇಲ್ಲವೆಂದಲ್ಲ. ಮಾಲೀಕರು ಹೊರಗೆ ಹೋಗಿ ಎಂದ ಮೇಲೂ ಮನೆಯೊಳಗೆ ನಿಂತ ಪೊಲೀಸರು ಚಾಲಕನಿಗೆ ಉಸಿರಿನ ಪರೀಕ್ಷೆ ಮಾಡಿಸಿಕೋ ಎಂದು ಆಜ್ಞಾಪಿಸಬಹುದೇ ಎಂಬ ಪ್ರಶ್ನೆ 1980ರಲ್ಲಿ ಮಾರಿಸ್ ಪ್ರಕರಣವಾಗಿ ಹೌಸ್ ಆಫ್ ಲಾರ್ಡ್ಸ್ ತಲುಪಿತು. ಅತಿಕ್ರಮಿಯ ಆಜ್ಞೆಗೆ ಬೆಲೆಯಿಲ್ಲ ಎಂದು ತೀರ್ಪಾಯಿತು. ಮರುವರ್ಷವೇ ಸಂಸತ್ತು ಕಾಯ್ದೆ ತಿದ್ದಿ, ಬೇರೊಬ್ಬರಿಗೆ ಗಾಯವಾದ ಅಪಘಾತಗಳಲ್ಲಿ ಒಳಹೋಗುವ ಅಧಿಕಾರ ಕೊಟ್ಟಿತು. ಈ ಬದಲಾವಣೆ ನನಗೆ ನ್ಯಾಯವೆಂದೇ ತೋರುತ್ತದೆ. ಇನ್ನೊಬ್ಬರ ಮೈಮೇಲೆ ಗಾಯವಾದ ಮೇಲೂ ಗೇಟು ಹಾಕಿಕೊಂಡು ಕೂರುವ ಹಕ್ಕನ್ನು ಯಾವ ಕೋಟೆಯೂ ಕೊಡಬಾರದು. ಗಮನಿಸಬೇಕಾದದ್ದು, ಆ ಅಧಿಕಾರವನ್ನು ಪೊಲೀಸರು ತಾವೇ ತೆಗೆದುಕೊಳ್ಳಲಿಲ್ಲ, ಕೇಳಿ ಪಡೆಯಬೇಕಾಯಿತು.

ಬ್ರಿಟಿಷರ ಕಾಲದಲ್ಲೇ, 1914ರಲ್ಲಿ, ಭಾರತಕ್ಕೂ ಮೋಟಾರು ವಾಹನ ಕಾಯ್ದೆ ಬಂತು. ಆಮೇಲೆ 1939ರದ್ದು, ಈಗ 1988ರದ್ದು. ಇದರಲ್ಲೂ ಗೆರೆ ಎಳೆಯುವುದು 'ಸಾರ್ವಜನಿಕ ಸ್ಥಳ' ಎಂಬ ಮಾತೇ. ಪೊಲೀಸರು ಲೈಸೆನ್ಸು ಕೇಳಬಹುದಾದದ್ದು ಸಾರ್ವಜನಿಕ ಸ್ಥಳದಲ್ಲಿ. 190ನೇ ಕಲಮಿನ ಪ್ರಕಾರ ದೋಷವಿರುವ ವಾಹನ ಓಡಿಸುವುದು ಅಪರಾಧವಾಗುವುದೂ ಸಾರ್ವಜನಿಕ ಸ್ಥಳದಲ್ಲಿ. ಗೇಟು ದಾಟುವ ಅನುಮತಿ 136ನೇ ಕಲಮಿನಲ್ಲಿದೆ. ವಾಹನ ಅಪಘಾತಕ್ಕೀಡಾಗಿದ್ದರೆ, ರಾಜ್ಯ ಸರ್ಕಾರದಿಂದ ಅಧಿಕಾರ ಪಡೆದವರು ಯುಕ್ತ ವೇಳೆಯಲ್ಲಿ ಅದು ಇರುವ ಆವರಣವನ್ನು ಪ್ರವೇಶಿಸಿ ಪರೀಕ್ಷಿಸಬಹುದು. ಕೇಳಿದರೆ ತಮ್ಮ ಅಧಿಕಾರಪತ್ರ ತೋರಿಸಬೇಕು. ಕಳವು ಮುಂತಾದ ಅಪರಾಧಗಳ ತನಿಖೆಗೆ ಶೋಧನೆಯ ಕಾನೂನುಗಳು ಬೇರೆಯೇ ಇವೆ. ಬರೀ ಹಳತಾಗಿದೆ, ಕೆಟ್ಟಿದೆ ಎಂಬುದು ಒಳಬರಲು ಕಾರಣವಲ್ಲ.

ಹಾಗಾದರೆ ಎಲ್ಲ ಸರಿಯಾಗಿದೆಯಲ್ಲ ಎನ್ನಬಹುದು. ಇಲ್ಲಿಯೇ ನನಗೆ ತೊಡಕು ಕಾಣುತ್ತದೆ. ಈ ಕಾನೂನು ಕಾಪಾಡುತ್ತಿರುವುದು ಕಾರನ್ನೂ ಅಲ್ಲ, ಕಾರಿನವರನ್ನೂ ಅಲ್ಲ. ಕಾರಿನ ಕೆಳಗಿನ ನೆಲವನ್ನು. ನೆಲವೇ ಇಲ್ಲದವರ ಗತಿ?

ದೆಹಲಿಯ ಉದಾಹರಣೆ ನೋಡಿ. 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ರಾಜಧಾನಿ ಪ್ರದೇಶದಲ್ಲಿ ಓಡಕೂಡದೆಂಬ ಆದೇಶ 2018ರಲ್ಲಿ ಸುಪ್ರೀಂ ಕೋರ್ಟಿನಿಂದ ಗಟ್ಟಿಯಾಯಿತು. 2023ರಲ್ಲಿ, ಓಡದೆ ಬರೀ ನಿಂತಿದ್ದ ಕಾರುಗಳನ್ನೂ ಗುಜರಿಗೆ ಎಳೆದೊಯ್ದರು. ಮಾಲೀಕರು ಹೈಕೋರ್ಟಿಗೆ ಹೋದರು. ಕಾರನ್ನು ಖಾಸಗಿ ಜಾಗದಲ್ಲೇ ಶಾಶ್ವತವಾಗಿ ನಿಲ್ಲಿಸುತ್ತೇವೆ ಅಥವಾ ದೆಹಲಿಯ ಹೊರಗೆ ಒಯ್ಯುತ್ತೇವೆ ಎಂದು ಬರೆದುಕೊಟ್ಟವರಿಗೆ ಬಿಟ್ಟುಕೊಡಿ ಎಂದು ಆ ವರ್ಷದ ಆಗಸ್ಟಿನಲ್ಲಿ ಆದೇಶವಾಯಿತು. 2024ರಲ್ಲಿ ದೆಹಲಿ ಸರ್ಕಾರ ಮಾರ್ಗಸೂಚಿ ತಂದಿತು. ಹಲವರು ಹಂಚಿಕೊಳ್ಳುವ ಪಾರ್ಕಿಂಗ್ ಜಾಗವನ್ನು, ಅದು ವಸತಿ ಸಮುಚ್ಚಯದ ಒಳಗೇ ಇದ್ದರೂ, ಅದು ಖಾಸಗಿಯೆಂದು ಒಪ್ಪಲಿಲ್ಲ. ಅಲ್ಲಿಗೆ ಒಂದೇ ವಯಸ್ಸಿನ, ಒಂದೇ ಬಗೆಯ ಎರಡು ಕಾರುಗಳಲ್ಲಿ ಬಂಗಲೆಯದು ಉಳಿಯಿತು, ಗಲ್ಲಿಯದು ಗುಜರಿಗೆ ಹೋಗುವ ದಾರಿಯಲ್ಲಿ ನಿಂತಿತು.

ಈ ಅಸಮಾನತೆಯನ್ನು ಒಂದು ನ್ಯಾಯಾಲಯವಾದರೂ ಎದುರಿಗಿಟ್ಟುಕೊಂಡು ಮಾತಾಡಿದ್ದು ಅಮೆರಿಕದಲ್ಲಿ. ಅಲ್ಲಿ 1925ರಿಂದಲೂ ಬಲವಾದ ಅನುಮಾನವಿದ್ದರೆ ವಾಹನವನ್ನು ವಾರಂಟಿಲ್ಲದೆ ಶೋಧಿಸಬಹುದು. ವರ್ಜೀನಿಯಾದ ಪೊಲೀಸರೊಬ್ಬರು ಮನೆಯ ಪಕ್ಕದ ಓಣಿಯೊಳಗೆ ನಡೆದು, ಟಾರ್ಪಾಲು ಎತ್ತಿ ಬೈಕೊಂದರ ನಂಬರು ನೋಡಿದರು. ಬೈಕು ಕದ್ದದ್ದೇ ಆಗಿತ್ತು. ಆದರೂ 2018ರ ಕಾಲಿನ್ಸ್ ಪ್ರಕರಣದಲ್ಲಿ, ವಾಹನಕ್ಕಿರುವ ವಿನಾಯಿತಿ ಮನೆಯಂಗಳಕ್ಕೆ ಹರಿದುಬರುವುದಿಲ್ಲ ಎಂದು ಎಂಟು ನ್ಯಾಯಮೂರ್ತಿಗಳು ಹೇಳಿದರು, ಒಬ್ಬರು ಒಪ್ಪಲಿಲ್ಲ. ಮುಚ್ಚಿದ ಗ್ಯಾರೇಜಿಗೆ ಮಾತ್ರ ರಕ್ಷಣೆ ಸಾಕು ಎಂದು ರಾಜ್ಯ ವಾದಿಸಿತ್ತು. ಗ್ಯಾರೇಜು ಕಟ್ಟಿಸುವ ಶಕ್ತಿಯಿದ್ದವರಿಗೆ ಒಂದು ಹಕ್ಕು, ಇಲ್ಲದವರಿಗೆ ಇನ್ನೊಂದು ಎಂದಾಗಬಾರದು ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅದನ್ನು ತಳ್ಳಿಹಾಕಿದರು. ಆದರೂ ಅವರ ತೀರ್ಪು ಅಂಗಳವಿದ್ದವರ ತನಕ ಬಂತು; ಬೀದಿಯಲ್ಲಿ ನಿಲ್ಲಿಸುವವರನ್ನು ಮುಟ್ಟಲಿಲ್ಲ.

ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ದೂರ ಹೋಗುವ ಒಂದು ಮಾತಿದೆ. 1962ರ ಖರಕ್ ಸಿಂಗ್ ಪ್ರಕರಣದಲ್ಲಿ, ಪೊಲೀಸರು ರಾತ್ರಿ ಹೊತ್ತು ಮನೆಬಾಗಿಲು ಬಡಿಯುವುದನ್ನು ಸುಪ್ರೀಂ ಕೋರ್ಟು ರದ್ದುಮಾಡಿತು. ಆಗ ನೆನೆದದ್ದು ಅದೇ ಕೋಕನ ಕೋಟೆಯನ್ನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಅಂಟಿಕೊಂಡಿರುವುದು ಸ್ಥಳಕ್ಕಲ್ಲ, ವ್ಯಕ್ತಿಗೆ ಎಂಬ ಮಾತು ಆ ತೀರ್ಪಿನಲ್ಲಿದೆ.

ಕಾರಿನ ಮಟ್ಟಿಗೆ ಈ ಮಾತು ಇನ್ನೂ ಕಾಗದದಲ್ಲೇ ಉಳಿದಿದೆ. ಬೀದಿಯಲ್ಲಿ ನಿಂತ ಕೆಟ್ಟ ಕಾರು ಬೇರೆಯವರ ದಾರಿಗೆ ಅಡ್ಡ ಎಂಬುದು ನಿಜ, ಅದನ್ನು ತೆಗೆಸಲೇಬೇಕು. ಆದರೆ ತೆಗೆಸುವ ಮುಂಚೆ 48 ಗಂಟೆಯ ಒಂದು ನೋಟಿಸು, ಕೇಳಿದರೆ ತೋರಿಸುವ ಒಂದು ಅಧಿಕಾರಪತ್ರ, ಇವು ಗೇಟಿದ್ದವರಿಗಷ್ಟೇ ಸಲ್ಲುವ ಮರ್ಯಾದೆ ಯಾಕಾಗಬೇಕು? ಎಂಟಿಕ್ ಕೇಳಿದ್ದು ಕೋಟೆಯನ್ನಲ್ಲ. ನಿನಗೆ ಈ ಅಧಿಕಾರ ಕೊಟ್ಟವರು ಯಾರು ಎಂದಷ್ಟೇ. ಅದನ್ನು ಕೇಳಲು ಕಾಂಪೌಂಡು ಬೇಕಾಗಿಲ್ಲ.