ಕೊರಳಿನ ಗುರಾಣಿ

(ಬಾನುಲಿ ಭಾಷಣ)

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕೂಡುತ್ತಿದ್ದಳು. ಹಿಂದಿನ ವರ್ಷದವರೆಗೆ ಚುರುಕಾಗಿದ್ದವಳು ಆ ವರ್ಷ ಮಂಕಾಗಿಬಿಟ್ಟಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಧ್ವನಿ ಗೊಗ್ಗರಾಗಿತ್ತು, ಮುಖ ಊದಿಕೊಂಡಿತ್ತು. ಬೇಸಗೆಯ ಮಧ್ಯಾಹ್ನದಲ್ಲಿಯೂ ದಾವಣಿಯನ್ನು ಮೈತುಂಬ ಹೊದ್ದು ಮುದುಡಿ ಕೂಡುತ್ತಿದ್ದಳು. ನಾನು ಅವಳನ್ನು ಎಲ್ಲರೆದುರು ನಿಲ್ಲಿಸಿ 'ಸೋಮಾರಿ' ಎಂದೆ; ಒಂದು ಸಲವಲ್ಲ, ಹಲವು ಸಲ.

ಒಂದು ದಿನ ಅವಳ ತಂದೆ ಶಾಲೆಗೆ ಬಂದರು. ಕೈಯಲ್ಲಿ ಔಷಧದ ಚೀಟಿಯಿತ್ತು. "ಮೇಷ್ಟ್ರೇ, ಮಗಳದು ಸೋಮಾರಿತನ ಅಲ್ಲವಂತೆ. ಕೊರಳಿನಲ್ಲಿ ಏನೋ ಗ್ರಂಥಿ ಇದೆಯಂತೆ, ಅದು ಕೆಲಸ ನಿಲ್ಲಿಸಿದೆಯಂತೆ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಏಕೆಂದರೆ ಅದೇ ವರ್ಷ, ಅದೇ ತರಗತಿಗೆ, ಆ ಗ್ರಂಥಿಯ ಪಾಠವನ್ನು ನಾನೇ ಮಾಡಿದ್ದೆ. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಅದರ ಲಕ್ಷಣಗಳನ್ನೆಲ್ಲ ಹೇಳಿಕೊಟ್ಟಿದ್ದೆ. ಆ ಲಕ್ಷಣಗಳೆಲ್ಲ ಹಿಂದಿನ ಬೆಂಚಿನಲ್ಲಿ ನನ್ನೆದುರೇ ಕುಳಿತಿದ್ದವು.

ಅಂದಿನಿಂದ ನಾನು ಈ ಗ್ರಂಥಿಯ ಚರಿತ್ರೆಯನ್ನು ಬಿಡುವಾದಾಗಲೆಲ್ಲ ಓದುತ್ತ ಬಂದಿದ್ದೇನೆ. ಓದಿದಂತೆಲ್ಲ ನನಗೆ ಒಂದು ಮಾತು ಸ್ಪಷ್ಟವಾಯಿತು. ಈ ಗ್ರಂಥಿ ಏನು ಮಾಡುತ್ತದೆಂಬುದು ಮನುಷ್ಯನಿಗೆ ತಿಳಿದುಬಂದದ್ದು ಒಬ್ಬ ನಿಪುಣ ತನ್ನ ತಪ್ಪನ್ನು ತಾನೇ ಎಣಿಸಿ, ಬಹಿರಂಗವಾಗಿ ಹೇಳಿದ್ದರಿಂದ.

ಥೈರಾಯ್ಡ್ ಗ್ರಂಥಿ ಇರುವುದು ಕೊರಳಿನ ಮುಂಭಾಗದಲ್ಲಿ, ಗಂಟಲಗುಳ್ಳೆಯ ಕೆಳಗೆ. ರೆಕ್ಕೆ ಬಿಡಿಸಿದ ಚಿಟ್ಟೆಯ ಆಕಾರ. ತೂಕ ಇಪ್ಪತ್ತು ಗ್ರಾಮಿನ ಆಸುಪಾಸು. ಲಾಲಾಗ್ರಂಥಿಗೆ ಇರುವಂತೆ ಇದಕ್ಕೆ ನಾಳವಿಲ್ಲ. ತಾನು ಸ್ರವಿಸುವುದನ್ನು ನೇರವಾಗಿ ರಕ್ತಕ್ಕೆ ಸೇರಿಸಿಬಿಡುತ್ತದೆ. ಆದ್ದರಿಂದಲೇ ಇಂಥವನ್ನು ನಿರ್ನಾಳ ಗ್ರಂಥಿಗಳೆಂದು ಕರೆಯುತ್ತೇವೆ. ನಾಳವಿಲ್ಲದ ಕಾರಣ ಇದರ ಉಪಯೋಗ ಶತಮಾನಗಳ ಕಾಲ ಯಾರಿಗೂ ಹೊಳೆಯಲಿಲ್ಲ. 1656ರಲ್ಲಿ ಇದಕ್ಕೆ ಗುರಾಣಿಯ ಹೆಸರನ್ನು ಕೊಟ್ಟ ಇಂಗ್ಲೆಂಡಿನ ಥಾಮಸ್ ವಾರ್ಟನ್, ಕೊರಳಿಗೆ, ಅದರಲ್ಲಿಯೂ ಹೆಂಗಸರ ಕೊರಳಿಗೆ, ದುಂಡನೆಯ ಚೆಲುವನ್ನು ಕೊಡುವುದೂ ಇದರ ಒಂದು ಕೆಲಸವೆಂದು ಭಾವಿಸಿದ್ದ. ಕವಿಗಳಿಗೆ ಒಪ್ಪಿಗೆಯಾಗಬಹುದಾದ ಊಹೆ! ಆದರೆ ಅದೇ ಗ್ರಂಥಿ ಊದಿ ಬೆಳೆದರೆ ಚೆಲುವಿನ ಮಾತು ಉಳಿಯುವುದಿಲ್ಲ. ನಮ್ಮ ಆಯುರ್ವೇದ ಗ್ರಂಥಗಳು ಅದನ್ನು ಗಳಗಂಡವೆಂದು ಕರೆದಿವೆ. ಕೆಲವರಲ್ಲಿ ಅದು ಶ್ವಾಸನಾಳವನ್ನು ಒತ್ತಿ ಉಸಿರನ್ನೇ ಕಟ್ಟಿಬಿಡುತ್ತದೆ.

ಯೂರೋಪಿನ ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಗಳಗಂಡ ಮನೆಮನೆಯ ಸಂಗತಿಯಾಗಿತ್ತು. ಅಂಥ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1872ರಲ್ಲಿ ಥಿಯೋಡರ್ ಕೋಕರ್ ಎಂಬ ಯುವಕ ಶಸ್ತ್ರವೈದ್ಯದ ಪ್ರಾಧ್ಯಾಪಕನಾದ. ಥೈರಾಯ್ಡಿಗೆ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುವುದರಿಂದ ಆ ಕಾಲದಲ್ಲಿ ಅದಕ್ಕೆ ಕತ್ತಿ ಇಡಲು ವೈದ್ಯರು ಹೆದರುತ್ತಿದ್ದರು. ರೋಗಿ ರಕ್ತಸ್ರಾವದಿಂದಲೋ ನಂಜಿನಿಂದಲೋ ಸಾಯುವುದು ಸಾಮಾನ್ಯವಾಗಿತ್ತು. ಕೋಕರ್ ಅವಸರದವನಲ್ಲ. ಒಂದೊಂದು ರಕ್ತನಾಳವನ್ನೂ ಹಿಡಿದು, ಕಟ್ಟಿ, ಗ್ರಂಥಿಯನ್ನು ಚೊಕ್ಕಟವಾಗಿ ಬಿಡಿಸಿ ತೆಗೆಯುವುದು ಅವನ ಕ್ರಮ. ಗಾಯಗಳು ಮಾಗಿದವು, ರೋಗಿಗಳು ಎದ್ದು ಮನೆಗೆ ಹೋದರು, ಅವನ ಕೀರ್ತಿ ಹಬ್ಬಿತು.

1874ರ ಜನವರಿಯಲ್ಲಿ ಅವನು ಹನ್ನೊಂದು ವರ್ಷದ ಒಬ್ಬ ಬಾಲಿಕೆಯ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದ. ಶಸ್ತ್ರಕ್ರಿಯೆ ಯಶಸ್ವಿಯಾಯಿತು. ಹುಡುಗಿಯ ಸ್ವಭಾವವೇ ಬದಲಾಗುತ್ತಿದೆ, ಮಂಕಾಗುತ್ತಿದ್ದಾಳೆ ಎಂದು ಅವಳನ್ನು ಕಳಿಸಿದ್ದ ವೈದ್ಯ ಮುಂದೆ ತಿಳಿಸಿದ. ಆದರೆ ಆ ಮಾತು ಆಗ ಮುಂದುವರಿಯಲಿಲ್ಲ. ಎಂಟು ವರ್ಷಗಳ ನಂತರ, 1882ರಲ್ಲಿ, ಜಿನೀವಾದ ಶಸ್ತ್ರವೈದ್ಯ ಜಾಕ್ ಲೂಯಿ ರೆವರ್ದ್ಯಾಂ ತನ್ನ ರೋಗಿಗಳಲ್ಲಿ ಇಂಥದೇ ಮಾರ್ಪಾಟನ್ನು ಕಂಡುದಾಗಿ ಕೋಕರನಿಗೆ ಹೇಳಿದ. ಆಗ ಕೋಕರ್ ತನ್ನ ಹಳೆಯ ರೋಗಿಗಳನ್ನೆಲ್ಲ ಮರಳಿ ಕರೆಸಲು ನಿಶ್ಚಯಿಸಿದ.

ಸುಖವಾಗಿದ್ದಾರೆಂದು ನಂಬಿ ಕಳಿಸಿದವರನ್ನು ಮತ್ತೆ ಕರೆದು ನೋಡಬೇಕೆಂದು ಯಾವ ನಿಯಮವೂ ಅವನನ್ನು ಬಲವಂತಪಡಿಸಿರಲಿಲ್ಲ. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡವರಲ್ಲಿ ಪರೀಕ್ಷೆಗೆ ಬಂದವರು 18 ಮಂದಿ. ಅವರಲ್ಲಿ 16 ಮಂದಿ ಕೆಟ್ಟುಹೋಗಿದ್ದರು: ಊದಿದ ಮುಖ, ಒಣಗಿದ ಚರ್ಮ, ತಡವರಿಸುವ ಮಾತು, ಸದಾ ಚಳಿ, ಜಡತೆ. ಆ ಬಾಲಿಕೆಯೂ ಬಂದಳು. ಅವಳಿಗೆ ಒಬ್ಬ ತಂಗಿಯಿದ್ದಳು. ಹಿಂದೆ ಅಕ್ಕತಂಗಿಯರು ಒಬ್ಬರನ್ನೊಬ್ಬರು ಹೋಲುತ್ತಿದ್ದರಂತೆ. ಈ ಒಂಬತ್ತು ವರ್ಷಗಳಲ್ಲಿ ತಂಗಿ ಎತ್ತರಕ್ಕೆ ಬೆಳೆದು ಚೆಲುವೆಯಾದ ತರುಣಿಯಾಗಿದ್ದಳು. ಅಕ್ಕ ಮಗುವಿನ ಎತ್ತರದಲ್ಲಿಯೇ ಉಳಿದು, ಬುದ್ಧಿ ಮಸುಕಾಗಿ, ತಂಗಿಯ ಪಕ್ಕದಲ್ಲಿ ಬೇರೆಯೇ ಜನಾಂಗದವಳಂತೆ ನಿಂತಿದ್ದಳು. ಅವರಿಬ್ಬರ ಚಿತ್ರಗಳು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಉಳಿದಿವೆ.

1883ರ ಏಪ್ರಿಲ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನ. ನೂರೊಂದು ಗಳಗಂಡಗಳನ್ನು ತೆಗೆದ ಅನುಭವವನ್ನು ಕೋಕರ್ ಅಲ್ಲಿ ವರದಿ ಮಾಡಿದ. ಬೇರೆ ಯಾರಾದರೂ ಆಗಿದ್ದರೆ ಬದುಕಿ ಉಳಿದವರ ಲೆಕ್ಕವನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಬಹುದಾಗಿತ್ತು. ಕೋಕರ್ ಆ ಹದಿನಾರು ಮಂದಿಯ ಕಥೆಯನ್ನೂ ಹೇಳಿದ. ಕಾರಣವನ್ನು ಮಾತ್ರ ಅವನು ತಪ್ಪಾಗಿ ಊಹಿಸಿದ್ದ. ಶ್ವಾಸನಾಳ ಸೊರಗಿ ದೇಹಕ್ಕೆ ಗಾಳಿ ಸಾಲದೆ ಹೀಗಾಗುತ್ತದೆಂದು ಬಗೆದಿದ್ದ. ಆದರೆ ಊಹೆ ತಪ್ಪಾದರೂ ಕಂಡದ್ದನ್ನು ಮುಚ್ಚಿಡದಿದ್ದುದರಿಂದ ಬೇರೆಯವರು ಸರಿಯಾದ ಕಾರಣವನ್ನು ಕಾಣುವುದು ಸಾಧ್ಯವಾಯಿತು. ಸಾಮಾನ್ಯ ಗಳಗಂಡಕ್ಕೆ ಗ್ರಂಥಿಯನ್ನು ಪೂರ್ತಿ ತೆಗೆಯುವುದನ್ನು ಅವನು ಬಿಟ್ಟುಬಿಟ್ಟ.

ಇಲ್ಲೊಂದು ವಿಪರ್ಯಾಸವಿದೆ. ವಿಯೆನ್ನಾದ ಸುಪ್ರಸಿದ್ಧ ಶಸ್ತ್ರವೈದ್ಯ ಬಿಲ್‌ರಾತನ ರೋಗಿಗಳಲ್ಲಿ ಈ ಜಡತೆ ಅಷ್ಟಾಗಿ ಕಾಣಲಿಲ್ಲ. ಬದಲಿಗೆ ಕೈಕಾಲು ಸೆಟೆಯುವ ತೊಂದರೆ ಹೆಚ್ಚಾಗಿತ್ತು. ಏಕೆ? ಇಬ್ಬರ ಕೈಗಾರಿಕೆಯನ್ನೂ ಬಲ್ಲ ಅಮೆರಿಕದ ಹಾಲ್‌ಸ್ಟೆಡ್ ಮುಂದೆ ಇದನ್ನು ಬಿಡಿಸಿ ಹೇಳಿದ. ಬಿಲ್‌ರಾತ್ ಬಿರುಸಾಗಿ ಕೊಯ್ಯುತ್ತಿದ್ದುದರಿಂದ ಗ್ರಂಥಿಯ ಚೂರುಗಳು ಉಳಿದುಬಿಡುತ್ತಿದ್ದವು. ಆದರೆ ಅದರ ಬೆನ್ನಿಗೆ ಅಂಟಿಕೊಂಡಿರುವ, ರಕ್ತದ ಸುಣ್ಣದಂಶವನ್ನು ಕಾಯುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗುತ್ತಿತ್ತು. ಕೋಕರ್ ಆ ಪುಟ್ಟ ಗ್ರಂಥಿಗಳನ್ನು ಉಳಿಸಿ, ಥೈರಾಯ್ಡನ್ನು ಒಂದು ಚೂರೂ ಬಿಡದೆ ತೆಗೆಯುತ್ತಿದ್ದ. ಅವನ ರೋಗಿಗಳನ್ನು ಕೆಡಿಸಿದ್ದು ಅವನ ಕೈಯ ಅಚ್ಚುಕಟ್ಟೇ ಆಗಿತ್ತು.

ಹೆಂಗಸರಲ್ಲಿ ತಾನಾಗಿ ಬರುವ ಜಡತೆಯ ರೋಗವನ್ನು 1873ರಲ್ಲಿಯೇ ಲಂಡನ್ನಿನ ವಿಲಿಯಂ ಗಲ್ ವರ್ಣಿಸಿದ್ದ. ಆ ರೋಗ, ಕಣಿವೆಗಳ ಕುಬ್ಜ ಮಂದಮತಿತನ, ಕೋಕರನ ರೋಗಿಗಳ ಅವಸ್ಥೆ, ಈ ಮೂರೂ ಥೈರಾಯ್ಡಿನ ಅಭಾವದಿಂದಲೇ ಆದವು ಎಂದು 1883ರಲ್ಲಿ ಫೀಲಿಕ್ಸ್ ಸೆಮನ್ ಲಂಡನ್ನಿನ ವೈದ್ಯರ ಸಭೆಯಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು. 1888ರಲ್ಲಿ ಹೊರಬಂದ ಅದರ ವರದಿ ಸೆಮನ್ನನ ಮಾತನ್ನೇ ಎತ್ತಿಹಿಡಿಯಿತು.

ಇಲ್ಲದ್ದರಿಂದ ರೋಗವಾದರೆ, ಇಲ್ಲದ್ದನ್ನು ಕೊಟ್ಟರೆ ಗುಣವಾಗಬೇಕಲ್ಲವೆ? 1891ರಲ್ಲಿ ನ್ಯೂಕ್ಯಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ ಕುರಿಯ ಥೈರಾಯ್ಡಿನ ಸಾರವನ್ನು ನಲವತ್ತಾರು ವರ್ಷದ ಒಬ್ಬಾಕೆಯ ಚರ್ಮದಡಿಗೆ ಚುಚ್ಚಿದ. ಕೆಲವೇ ತಿಂಗಳಲ್ಲಿ ಊತ ಇಳಿಯಿತು, ಮಾತು ಚುರುಕಾಯಿತು. ಆಕೆ ಮತ್ತೆ ಇಪ್ಪತ್ತೆಂಟು ವರ್ಷ ಬಾಳಿ 1919ರಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಆಕೆಗೆ ಬೇಕಾದ ಔಷಧಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬಳಕೆಯಾದವೆಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾನೆ.

ಆ ಸಾರದಲ್ಲಿದ್ದುದೇನು? 1895ರಲ್ಲಿ ಬಾವ್‌ಮನ್ ಎಂಬ ಜರ್ಮನ್ ರಸಾಯನಜ್ಞ ಥೈರಾಯ್ಡಿನಲ್ಲಿ ಅಯೋಡಿನ್ ಇದೆಯೆಂದು ಕಂಡ. 1914ರ ಕ್ರಿಸ್ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಅದರ ಮೂಲವಸ್ತುವನ್ನು ಹರಳಾಗಿ ಬೇರ್ಪಡಿಸಿದ. ಅದೇ ಥೈರಾಕ್ಸಿನ್. ಮೂರು ಟನ್ನುಗಳಷ್ಟು ಹಂದಿಯ ಥೈರಾಯ್ಡಿನಿಂದ ಮುಂದೆ ಅವನಿಗೆ ದೊರೆತದ್ದು ಸುಮಾರು 33 ಗ್ರಾಂ. ಈ ನಡುವೆ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ, ನರಗಳನ್ನು ಕತ್ತರಿಸಿದರೂ ಸಣ್ಣ ಕರುಳು ರಕ್ತದ ಮೂಲಕ ಮೇದೋಜೀರಕ ಗ್ರಂಥಿಗೆ ಸಂದೇಶ ಕಳಿಸಬಲ್ಲುದೆಂದು ತೋರಿಸಿದ್ದರು. ಇಂಥ ಸಂದೇಶವಾಹಕ ವಸ್ತುಗಳಿಗೆ ಸ್ಟಾರ್ಲಿಂಗ್ 1905ರಲ್ಲಿ ಹಾರ್ಮೋನ್ ಎಂಬ ಹೆಸರನ್ನು ಬಳಸಿದ. ಎಬ್ಬಿಸುವುದು, ಪ್ರಚೋದಿಸುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಮಾತು ಅದು. ಕನ್ನಡದಲ್ಲಿ ರಸದೂತ ಎಂದವರೂ ಉಂಟು, ಚೋದನಿ ಎಂದವರೂ ಉಂಟು.

ಈ ದೂತನ ಆಳ್ವಿಕೆ ಒಂದು ನಿಯಮಕ್ಕೆ ಒಳಪಟ್ಟಿದೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಿದೆ. ರಕ್ತದಲ್ಲಿ ಥೈರಾಕ್ಸಿನ್ ಇಳಿದರೆ ಅದು ಥೈರಾಯ್ಡಿಗೆ 'ಇನ್ನಷ್ಟು ಮಾಡು' ಎಂದು ತನ್ನದೇ ಹಾರ್ಮೋನಿನ ಮೂಲಕ ಹೇಳಿಕಳಿಸುತ್ತದೆ, ಸಾಕಷ್ಟಾದರೆ ಸುಮ್ಮನಾಗುತ್ತದೆ. ಹೃದಯದ ಬಡಿತ, ಮೈಯ ಶಾಖ, ಮಗುವಿನ ಮಿದುಳಿನ ಬೆಳವಣಿಗೆ ಎಲ್ಲವೂ ಈ ಕೊಡುಕೊಳ್ಳುವಿಕೆಯನ್ನು ಅವಲಂಬಿಸಿವೆ. ಆಹಾರದಲ್ಲಿ ಅಯೋಡಿನ್ ಇಲ್ಲದಿದ್ದರೆ ಥೈರಾಯ್ಡ್ ಎಷ್ಟು ದುಡಿದರೂ ಹಾರ್ಮೋನ್ ಸಾಲದು. ಆಜ್ಞೆ ಬರುತ್ತಲೇ ಇರುತ್ತದೆ, ಗ್ರಂಥಿ ಹಿಗ್ಗುತ್ತಲೇ ಹೋಗುತ್ತದೆ. ಬೆಟ್ಟದ ಊರುಗಳ ಗಳಗಂಡವೆಂದರೆ ಇದೇ: ಸಾಮಗ್ರಿಯಿಲ್ಲದೆ ದುಡಿಯುತ್ತಿರುವ ಗ್ರಂಥಿಯ ಏದುಸಿರು.

ಬೇಕಾದ ಅಯೋಡಿನ್ ಆದರೂ ಎಷ್ಟು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ಇಡೀ ಆಯುಷ್ಯದ ಪಾಲೆಲ್ಲ ಸೇರಿದರೆ ಒಂದು ಚಹಾ ಚಮಚ. ಸ್ವಿಟ್ಜರ್ಲೆಂಡಿನಲ್ಲಿ 1922ರಿಂದ ಅಡುಗೆಯ ಉಪ್ಪಿಗೆ ಅಯೋಡಿನ್ ಬೆರೆಸತೊಡಗಿದರು. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಒಂದು ದೀರ್ಘ ಪರೀಕ್ಷೆಯನ್ನು ಆರಂಭಿಸಿದರು. ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಸೇರಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಒದಗಿಸಿದರು. ಆರು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದವರಲ್ಲಿ ಗಳಗಂಡ ಅರ್ಧಕ್ಕೆ ಇಳಿಯಿತು. ಮತ್ತೊಂದು ವಲಯದಲ್ಲಿ ಇದ್ದಂತೆಯೇ ಇತ್ತು. ಬಳಿಕ ಅವರಿಗೂ ಆ ಉಪ್ಪನ್ನು ಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ನಮ್ಮ ಅಂಗಡಿಗಳ ಉಪ್ಪಿನ ಪೊಟ್ಟಣದ ಮೇಲೆ ಕಾಣುವ 'ಅಯೋಡಿನ್‌ಯುಕ್ತ' ಎಂಬ ಮಾತಿನ ಹಿಂದೆ ಆ ಕಣಿವೆಯ ಜನರಿದ್ದಾರೆ.

ಕೋಕರನಿಗೆ 1909ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಗೌರವ ಪಡೆದ ಮೊದಲ ಶಸ್ತ್ರವೈದ್ಯ ಅವನು. ಆದರೆ ಅವನನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಅಕ್ಕತಂಗಿಯರು. ಮರ್ರೆಯ ಔಷಧ ಬಂದದ್ದು, ಅಕ್ಕ ತನ್ನ ಗ್ರಂಥಿಯನ್ನು ಕಳೆದುಕೊಂಡ ಹದಿನೇಳು ವರ್ಷಗಳ ಮೇಲೆ. ಅಷ್ಟರಲ್ಲಿ ಅವಳ ಬಾಲ್ಯ ಮುಗಿದುಹೋಗಿತ್ತು. ಇಂದು ಹುಟ್ಟಿದ ಕೂಸಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿಯೇ ಈ ಕೊರತೆಯನ್ನು ಗುರುತಿಸಬಹುದು. ಮೊದಲ ವಾರಗಳಲ್ಲಿಯೇ ಔಷಧ ಆರಂಭಿಸಿದರೆ ಆ ಮಗು ಉಳಿದ ಮಕ್ಕಳಂತೆಯೇ ಬೆಳೆಯಬಲ್ಲುದು. ಆದರೆ ಆ ಹನಿಯನ್ನು ಯಾರಾದರೂ ತೆಗೆದು ನೋಡಬೇಕಷ್ಟೆ. ನಮ್ಮ ದೇಶದಲ್ಲಿ ಎಲ್ಲ ಕೂಸುಗಳಿಗೂ ಆ ಪರೀಕ್ಷೆ ಇನ್ನೂ ದೊರೆಯುತ್ತಿಲ್ಲ.

ನನ್ನ ವಿದ್ಯಾರ್ಥಿನಿ ಆ ವರ್ಷ ನಪಾಸಾದಳು. ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ ನುಂಗುತ್ತ ಮರುವರ್ಷ ಅದೇ ತರಗತಿಯಲ್ಲಿ ಮತ್ತೆ ಕುಳಿತಳು. ಆ ಸಲ ಮುಂದಿನ ಬೆಂಚಿನಲ್ಲಿ. ಗ್ರಂಥಿಗಳ ಪಾಠದ ದಿನ ನಾನು ಕರಿಹಲಗೆಯ ಮೇಲೆ ಚಿತ್ರ ಬರೆಯುವ ಮೊದಲು ತರಗತಿಯ ಕಡೆಗೆ ತಿರುಗಿ, ಹಿಂದಿನ ವರ್ಷ ನಾನು ಮಾಡಿದ ತಪ್ಪನ್ನು, ಅವಳ ಹೆಸರೆತ್ತದೆ, ಮಕ್ಕಳಿಗೆ ಹೇಳಿದೆ. ಅವಳು ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದಳು. ಗಂಟೆ ಹೊಡೆದ ಮೇಲೆ ಹೊರಗೆ ಹೋಗುತ್ತ, "ಬರ್ತೀನಿ ಸಾರ್" ಎಂದು ಸ್ಪಷ್ಟವಾದ ದನಿಯಲ್ಲಿ ಹೇಳಿ ಹೋದಳು.