ದಫ್ತರವೂ ನ್ಯಾಯಧರ್ಮವೂ

ಕೆಲವು ವರ್ಷಗಳ ಹಿಂದೆ ನಾವು ಬಂಟ್ವಾಳ ಸೀಮೆಯ ಪ್ರವಾಸದಲ್ಲಿದ್ದಾಗ ವೃದ್ಧ ಕೃಷಿಕರೊಬ್ಬರು ತಮ್ಮ ಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆಯೊಂದನ್ನು ಇಳಿಸಿ ತೋರಿಸಿದರು. ಅದರಲ್ಲಿ ಬೆಳ್ಳಿಬಂಗಾರಗಳಿರಲಿಲ್ಲ. ಭೂ ನ್ಯಾಯಮಂಡಳಿಯ ತೀರ್ಪಿನ ಒಂದು ಪ್ರತಿ, ಕೆಲವು ಕಂದಾಯದ ರಶೀದಿಗಳು, ಅಂಚನ್ನು ಹುಳು ತಿಂದ ಎರಡು ಗೇಣಿಚೀಟಿಗಳು, ಇಷ್ಟೇ ಇದ್ದುವು. “ಸ್ವಾಮಿ, ಈ ನೆಲ ನಮ್ಮದೆಂದು ಹೇಳುವುದಕ್ಕೆ ಇವನ್ನು ಬಿಟ್ಟರೆ ಬೇರೆ ಬಾಯಿಯಿಲ್ಲ” ಎಂದರು ಅವರು.

ದಕ್ಷಿಣ ಕನ್ನಡದ ಭೂಚರಿತ್ರೆಯನ್ನು ಬಲ್ಲವರಿಗೆ ಆ ಮಾತಿನ ಭಾರ ತಿಳಿಯದಿರದು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಈ ಸೀಮೆಯು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಅನಂತರ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದ್ರಾಸಿನ ಆಡಳಿತದಲ್ಲಿತ್ತು. ಸರ್ಕಾರಕ್ಕೆ ತೀರ್ವೆ ಸಲ್ಲಿಸುವ ವರ್ಗದಾರನ ಹೆಸರು ಲೆಕ್ಕದ ಪುಸ್ತಕದಲ್ಲಿತ್ತು. ಗದ್ದೆಯನ್ನು ಉತ್ತವನ ಹೆಸರಿಗೆ ಅಲ್ಲಿ ಎಡೆ ದೊರೆಯುವುದು ದುರ್ಲಭವಾಗಿತ್ತು. ಗೇಣಿದಾರರಲ್ಲಿಯೂ ಭೇದವುಂಟು. ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕೂ ನಿಶ್ಚಿತವಾದ ಗೇಣಿಯೂ ಇದ್ದುವು. ಚಾಲಗೇಣಿಯವನಾದರೋ ಒಡೆಯನ ಮರ್ಜಿಯಲ್ಲಿದ್ದವನು. ಅವನ ಒಪ್ಪಂದವು ಬಹುಮಟ್ಟಿಗೆ ಬಾಯಿಮಾತಿನದು. ಅಕ್ಕಿಮುಡಿಗಳನ್ನು ಹೊತ್ತು ತಂದು ಒಡೆಯನ ಅಂಗಳದಲ್ಲಿ ಇಳಿಸಿದವನಿಗೆ ರಶೀದಿಯನ್ನು ಕೇಳುವ ಧೈರ್ಯ ಎಲ್ಲಿಂದ ಬಂದೀತು?

1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸು ಅವರ ಸರ್ಕಾರವು ತಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯ ಭೂಮಿಯು ಸರ್ಕಾರದಲ್ಲಿ ನಿಹಿತವಾಗಿ, ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರನಿಗೆ ಭೂ ನ್ಯಾಯಮಂಡಳಿಯು ವಿಚಾರಣೆ ನಡೆಸಿ ಅಧಿಭೋಗದ ಹಕ್ಕನ್ನು ಕೊಡತಕ್ಕದ್ದೆಂದಾಯಿತು. ಒಂದು ವ್ಯವಸ್ಥೆ ಅಳಿದು ಮತ್ತೊಂದು ಬರುವಾಗ ಹಿಂದಿನ ಅನ್ಯಾಯಗಳನ್ನು ಶೋಧಿಸಿ ಸರಿಪಡಿಸುವ ಕಾರ್ಯವನ್ನು ಇಂದಿನ ವಿದ್ವಾಂಸರು ಸಂಕ್ರಮಣಕಾಲದ ನ್ಯಾಯವೆನ್ನುತ್ತಾರೆ. ಆ ಹೆಸರನ್ನು ಕೇಳುವ ಮೊದಲೇ ನಮ್ಮ ಬಂಟ್ವಾಳ, ಬೆಳ್ತಂಗಡಿಗಳ ಒಕ್ಕಲುಗಳು ಅದರ ಕಟ್ಟೆಯ ಮುಂದೆ ನಿಂತಿದ್ದರು.

ನಿಂತವರು ತೋರಿಸಬೇಕಾದುದೇನು? ತಾವು ಗೇಣಿದಾರರಾಗಿದ್ದೆವೆಂಬುದನ್ನು. 1964ರ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದಂತೆ ಹಕ್ಕುದಾಖಲೆಯ ನಮೂದನ್ನು, ಅದು ತಪ್ಪೆಂದು ಸಿದ್ಧವಾಗುವ ತನಕ, ಸತ್ಯವೆಂದೇ ಭಾವಿಸತಕ್ಕದ್ದು. ಆದುದರಿಂದ ಪಹಣಿಯಲ್ಲಿ ಹೆಸರಿದ್ದವನ ದಾರಿ ಸುಗಮವಾಯಿತು. ಹೆಸರಿಲ್ಲದವನು ನೆರೆಕರೆಯವರ ಸಾಕ್ಷ್ಯವನ್ನೂ ಸ್ಥಳಪರಿಶೀಲನೆಯನ್ನೂ ನಂಬಬೇಕಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಗೇಣಿ ಸಂದಾಯದ ಲೆಕ್ಕವನ್ನು ಬರೆದಿಡುತ್ತಿದ್ದವನು ಒಡೆಯನೇ. ಹಾಗಾಗಿ ಗೇಣಿದಾರನಿಗೆ ಬೇಕಾದ ಪ್ರಬಲ ಪುರಾವೆಯು ಅವನ ಪ್ರತಿವಾದಿಯ ಮನೆಯ ಕಪಾಟಿನಲ್ಲಿತ್ತು. ಆ ಪುಸ್ತಕವು ಹೊರಗೆ ಬಂದರೆ ನ್ಯಾಯ. ಒಲೆಗೆ ಹೋದರೆ ಅನ್ಯಾಯ.

ಈ ಮಾತನ್ನು ಅನ್ಯರ ಕುರಿತು ಮಾತ್ರ ಹೇಳಿ ನಾವು ಜಾರಿಕೊಳ್ಳುವಂತಿಲ್ಲ. ಮಠ, ದೇವಸ್ಥಾನ, ಬಸದಿಗಳೂ ಭೂಮಾಲಿಕರಾಗಿದ್ದುವು. ಅವುಗಳ ಗೇಣಿಭೂಮಿಯೂ ಕಾಯಿದೆಯ ವ್ಯಾಪ್ತಿಗೆ ಬಂದು, ಅದಕ್ಕೆ ಪ್ರತಿಯಾಗಿ ವರ್ಷಾಶನ ಗೊತ್ತಾಯಿತು. ಕಾಯಕವನ್ನು ಕೊಂಡಾಡುವ ಪರಂಪರೆಯವರಾದ ನಾವು ಉತ್ತವನ ಹೆಸರನ್ನು ನಮ್ಮ ಕಡತದಲ್ಲಿ ಬರೆದಿದ್ದೆವೆಯೇ, ಕೇಳಿದಾಗ ತೆಗೆದು ತೋರಿಸಿದೆವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಯಾವ ಕಡತದಲ್ಲಿಯೂ ಸೇರದವರು ಮತ್ತೊಂದು ವರ್ಗ. ಒಡೆಯನ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡು ದುಡಿದ ಕೂಲಿಕಾರರಿಗೆ 38ನೆಯ ಪ್ರಕರಣವು ವಾಸದ ಮನೆಯ ಹಕ್ಕನ್ನು ಒದಗಿಸಿತು. ಅವರು ಉತ್ತ ನೆಲ ಮಾತ್ರ ಅವರದಾಗಲಿಲ್ಲ. ದಾಖಲೆಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ದುಡಿಮೆ ನಡೆಯಲಿಲ್ಲವೆಂದು ಇತಿಹಾಸಕಾರನು ಬರೆಯಲಾಗದು. ಅಂತಹವರ ಬಾಯಿಮಾತನ್ನು ಬರೆದಿಡುವುದೂ ದಫ್ತರದ ಕೆಲಸವೇ.

ರಕ್ಷಿಸುವ ವಿದ್ಯೆ ನಮ್ಮವರಿಗೆ ತಿಳಿಯದುದಲ್ಲ. ಬಂಟ್ವಾಳಕ್ಕೆ ಸಮೀಪದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಗ್ರಂಥಗಳ ತಾಳೆಯೋಲೆಗಳು ಗೆದ್ದಲು, ಮಳೆ, ರಾಜ್ಯಕ್ಷೋಭೆಗಳನ್ನು ದಾಟಿ ಶತಮಾನಗಳ ಕಾಲ ಉಳಿದುವು. ದೀರ್ಘಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಪ್ರಥಮ ಸಂಪುಟ ಅಚ್ಚಾಯಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾಯಿತು. ಕಾಪಾಡುವುದು, ಪಟ್ಟಿ ಮಾಡುವುದು, ಅರ್ಹರಿಗೆ ತೆರೆದು ತೋರಿಸುವುದು, ಈ ಮೂರೂ ಕೂಡಿದಾಗಲೇ ರಕ್ಷಣೆ ಪೂರ್ಣವಾಯಿತು. ಶಾಸ್ತ್ರದ ಓಲೆಗೆ ಸಂದ ಈ ಶ್ರದ್ಧೆಯು ಬಡವನ ಚೀಟಿಗೂ ಸಲ್ಲಬೇಡವೇ?

ಸಲ್ಲದಿದ್ದರೆ ಏನಾಗುವುದೆಂಬುದನ್ನು ಬೆಳ್ತಂಗಡಿಯ ಇತ್ತೀಚಿನ ಸಂಗತಿಯು ತೋರಿಸಿದೆ. 2025ರಲ್ಲಿ ಆ ತಾಲೂಕಿನ ಹಳೆಯ ಮರಣಗಳನ್ನು ಕುರಿತ ಆರೋಪಗಳು ಎದ್ದು ಸರ್ಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು. 2000ದಿಂದ 2015ರವರೆಗಿನ ಅಸಹಜ ಮರಣಗಳ ದಾಖಲೆಗಳನ್ನು ನಾಶಪಡಿಸಲಾಗಿದೆಯೆಂದು ಮಾಹಿತಿ ಹಕ್ಕಿನ ಅರ್ಜಿಗೆ ಪೊಲೀಸರು ಉತ್ತರವಿತ್ತರೆಂದು ಆಗ ಪತ್ರಿಕೆಗಳು ವರದಿ ಮಾಡಿದುವು. ಆರೋಪಗಳ ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕಾರ್ಯ, ನಮ್ಮದಲ್ಲ. ಆದರೆ ದಾಖಲೆಯಿಲ್ಲದೆಡೆ ನೊಂದವನಿಗೆ ಆಧಾರವಿಲ್ಲ. ನಿರಪರಾಧಿಗೆ ಕಳಂಕದಿಂದ ಬಿಡುಗಡೆಯೂ ಇಲ್ಲ. ಇಬ್ಬರಿಗೂ ಸಮನಾಗಿ ಉಳಿಯುವುದು ಸಂಶಯ.

ಇದಕ್ಕೆ ಪ್ರತಿಯಾದ ನಿದರ್ಶನ ದೂರದ ಗ್ವಾಟೆಮಾಲಾ ದೇಶದ್ದು. 1960ರಿಂದ 1996ರವರೆಗೆ ಅಂತರ್ಯುದ್ಧದಿಂದ ಬೆಂದ ಆ ದೇಶದಲ್ಲಿ, 2005ರಲ್ಲಿ ಪೊಲೀಸರ ಹಳೆಯ ಕಾಗದಪತ್ರಗಳ ರಾಶಿಯೊಂದು ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಸುಮಾರು 8 ಕೋಟಿ ಪುಟಗಳೆಂದು ಅಂದಾಜು. ಕಣ್ಮರೆಯಾದವರ ಜಾಡನ್ನು ಅರಸುತ್ತಿದ್ದ ಕುಟುಂಬಗಳಿಗೆ ಅದು ಬೆಳಕಾಯಿತು; ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಯಿತು. ಬರೆದವರ ವಿರುದ್ಧವೇ ಅವರ ಬರಹ ಮಾತನಾಡಿತು.

ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಗಣಕಯಂತ್ರಕ್ಕೆ ಏರಿಸುವ ‘ಭೂ ಸುರಕ್ಷಾ’ ಕಾರ್ಯವನ್ನು ರಾಜ್ಯ ಸರ್ಕಾರವು 2024ರಲ್ಲಿ ಕೈಗೊಂಡುದು ಸ್ತುತ್ಯರ್ಹ. ಆದರೆ ಮನೆಯ ಅಟ್ಟದ ಪೆಟ್ಟಿಗೆಯೂ ಮಠದ ಉಗ್ರಾಣದ ಗಂಟೂ ಸರ್ಕಾರದ ಕೈಗೆ ನಿಲುಕುವಂಥವಲ್ಲ. ಅವು ನಮ್ಮ ಹೊಣೆ. ಭಕ್ತರೂ, ಮಠದಲ್ಲಿ ಓದಿ ಊರೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳೂ ತಂತಮ್ಮ ಮನೆಯ ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಓದಬೇಕು, ಪಟ್ಟಿ ಮಾಡಬೇಕು, ಪ್ರತಿ ತೆಗೆದಿಡಬೇಕು. ನಮ್ಮ ಹಿರಿಯರಿಗೆ ಕೀರ್ತಿ ತರುವ ಕಾಗದವನ್ನು ಯಾರಾದರೂ ಕಾಪಾಡಿಯಾರು. ಅವರ ತಪ್ಪನ್ನು ಹೇಳುವ ಕಾಗದವನ್ನೂ ಕಾಪಾಡಿ, ಹಕ್ಕುಳ್ಳವನು ಬಂದು ಕೇಳಿದಾಗ ಅವನ ಮುಂದಿಡುವವನೇ ದಫ್ತರದ ಧರ್ಮವನ್ನು ನಡೆಸಿದವನು.